ಉಪಗ್ರಹ ಚಿತ್ರಕ್ಕೂ ಜರಡಿ ಬೇಕು

(ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಮತ್ತು ಹರಪನಹಳ್ಳಿ ತಾಲ್ಲೂಕುಗಳ ರೈತರು ಹಾಗೂ ವಿಸ್ತರಣಾ ಕಾರ್ಯಕರ್ತರ ಮುಂದೆ ಮಾಡಿದ ಭಾಷಣದ ಲೇಖನ ರೂಪ)



ಬೇಸಾಯಶಾಸ್ತ್ರದವರು ಮಾತಿಗೆ ನಿಂತರೆ ಬೀಜೋಪಚಾರ, ಗೊಬ್ಬರದ ಪ್ರಮಾಣ, ಸಾಲಿನ ಅಂತರ ಇವುಗಳ ಬಗ್ಗೆ ಹೇಳುತ್ತಾರೆಂದು ತಾವು ನಿರೀಕ್ಷಿಸುವುದು ಸಹಜ. ಇಂದಿನ ವಿಷಯ ಸ್ವಲ್ಪ ಬೇರೆ. ಅದು ನಕ್ಷೆಯ ವಿಷಯ; ಅದರಲ್ಲಿಯೂ, ಉಪಗ್ರಹ ತೆಗೆದ ಚಿತ್ರವನ್ನು ಶೋಧಿಸಿ ಕೆರೆ, ಕಟ್ಟೆ, ಕೃಷಿ ಹೊಂಡಗಳ ನಕ್ಷೆ ಮಾಡುವ ಲೆಕ್ಕದ ವಿಷಯ.

ನಮ್ಮ ಈ ಐದು ತಾಲ್ಲೂಕುಗಳು 2021ರಿಂದ ವಿಜಯನಗರ ಜಿಲ್ಲೆಗೆ ಸೇರಿವೆ. ಜಿಲ್ಲೆ ಬದಲಾದರೂ ಬೇಸಾಯದ ಪಾಡು ಬದಲಾಗಿಲ್ಲ. ತುಂಗಭದ್ರೆಯ ದಂಡೆಯ ಊರುಗಳನ್ನು ಬಿಟ್ಟರೆ ಉಳಿದೆಡೆ ಶೇಂಗಾ, ಜೋಳ, ಸಜ್ಜೆ, ಮೆಕ್ಕೆಜೋಳ ಎಲ್ಲವೂ ಬಹುತೇಕ ಮಳೆಯನ್ನೇ ನೆಚ್ಚಿಕೊಂಡಿವೆ. ಮಳೆ ಕೈಕೊಟ್ಟ ವರ್ಷ ಕೆರೆಯಲ್ಲಿ ಎಷ್ಟು ನೀರಿದೆ, ಹೊಂಡದಲ್ಲಿ ಎಷ್ಟು ಉಳಿದಿದೆ ಎಂಬುದರ ಮೇಲೆ ಬೆಳೆಯೂ ದನಕರುಗಳೂ ನಿಂತಿರುತ್ತವೆ. ಹಿಂದೆ ಈ ಲೆಕ್ಕವನ್ನು ಊರಿನವರು ಏರಿಯ ಮೇಲೆ ನಿಂತು ನೋಡಿ ಹೇಳುತ್ತಿದ್ದರು. ಈಗ ಅದನ್ನು ಉಪಗ್ರಹದ ಚಿತ್ರದಿಂದಲೂ ತೆಗೆಯುತ್ತಾರೆ. ಅದು ಒಳ್ಳೆಯದೇ. ಆದರೆ ಉಪಗ್ರಹದ ಚಿತ್ರಕ್ಕೂ ನಮ್ಮ ಕೈಗೆ ಬರುವ ನಕ್ಷೆಗೂ ನಡುವೆ ಒಂದು ಜರಡಿ ಇದೆ. ಆ ಜರಡಿಯ ಕಣ್ಣು ಎಷ್ಟು ದೊಡ್ಡದೆಂದು ತಿಳಿಯದೆ ನಕ್ಷೆಯನ್ನು ನಂಬಿದರೆ, ನೀರು ನಿಂತ ಹೊಂಡವೂ ಕಾಗದದ ಮೇಲೆ ಬಯಲಾಗಿಬಿಡುತ್ತದೆ. ಇದೇ ಇಂದಿನ ಮುಖ್ಯ ಮಾತು.

ಬೂದು ಚಿತ್ರ ಎಂದರೇನು?

ಉಪಗ್ರಹವು ನೆಲವನ್ನು ಸಣ್ಣ ಸಣ್ಣ ಚೌಕಗಳಾಗಿ ನೋಡುತ್ತದೆ. ಒಂದೊಂದು ಚೌಕಕ್ಕೂ ಒಂದೊಂದು ಅಂಕಿ. ಪೂರ್ಣ ಕಪ್ಪಿಗೆ 0, ಪೂರ್ಣ ಬಿಳುಪಿಗೆ 255, ನಡುವಿನವೆಲ್ಲ ಬೂದು ಬಣ್ಣದ ಮೆಟ್ಟಿಲುಗಳು. ಆದ್ದರಿಂದ ಇದನ್ನು ಬೂದು ಚಿತ್ರ ಎನ್ನೋಣ. ಕಣ್ಣಿಗೆ ಅದು ಚಿತ್ರ. ಕಂಪ್ಯೂಟರಿಗೆ ಅದು ಅಂಕಿಗಳನ್ನು ತುಂಬಿದ ದೊಡ್ಡದೊಂದು ಕೋಷ್ಟಕ ಮಾತ್ರ.

ಕೆರೆಗಳನ್ನು ಗುರುತಿಸಲು ರೇಡಾರ್ ಚಿತ್ರ ಹೆಚ್ಚು ಅನುಕೂಲ. ಯುರೋಪಿನ ಸೆಂಟಿನೆಲ್-1 ಉಪಗ್ರಹಗಳಲ್ಲಿ ಮೊದಲನೆಯದು 2014ರಲ್ಲಿ ಹಾರಿತು. ಅವುಗಳ ಚಿತ್ರಗಳು ಉಚಿತವಾಗಿ ದೊರೆಯುತ್ತವೆ. ಇಸ್ರೋ ಮತ್ತು ನಾಸಾ ಸಂಸ್ಥೆಗಳ ಜಂಟಿ ಉಪಗ್ರಹ ನಿಸಾರ್ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. ರೇಡಾರ್ ಕಿರಣ ಮೋಡವನ್ನು ಹಾಯ್ದು ಬರುತ್ತದೆ. ಹಗಲು ರಾತ್ರಿ ಎಂಬ ಭೇದವಿಲ್ಲ. ನಿಂತ ನೀರು ಕನ್ನಡಿಯಂತೆ ಕಿರಣವನ್ನು ಆಚೆಗೆ ಹಾರಿಸಿಬಿಡುವುದರಿಂದ ಚಿತ್ರದಲ್ಲಿ ನೀರು ಕಪ್ಪಾಗಿ ಕಾಣುತ್ತದೆ. ಉತ್ತ ನೆಲ, ಬೆಳೆ, ಗಿಡಮರಗಳು ಬೂದಾಗಿ ಅಥವಾ ಬೆಳ್ಳಗೆ ಕಾಣುತ್ತವೆ.

ಮುಂದಿನ ಲೆಕ್ಕ ಸುಲಭವಾಗಲೆಂದು ಈ ಚಿತ್ರವನ್ನು ಫೋಟೋ ನೆಗೆಟಿವ್‌ನಂತೆ ತಿರುವಿಕೊಳ್ಳೋಣ. ಆಗ ನೀರಿಗೆ ದೊಡ್ಡ ಅಂಕಿ, ಒಣನೆಲಕ್ಕೆ ಸಣ್ಣ ಅಂಕಿ ಬರುತ್ತದೆ. ಸೆಂಟಿನೆಲ್-1ರ ಚಿತ್ರದಲ್ಲಿ ಒಂದು ಚೌಕದ ಬದಿ ಸಾಮಾನ್ಯವಾಗಿ 10 ಮೀಟರ್, ಅಂದರೆ ವಿಸ್ತೀರ್ಣ 100 ಚದರ ಮೀಟರ್. ಒಂದು ಹೆಕ್ಟೇರಿಗೆ 100 ಚೌಕಗಳು.

ಆದರೆ ರೇಡಾರ್ ಚಿತ್ರ ಹಸನಾಗಿ ಬರುವುದಿಲ್ಲ. ಕಣದಲ್ಲಿ ಕಾಳಿನ ಜೊತೆ ಹೊಟ್ಟು, ಹರಳು ಬೆರೆತಂತೆ ಎಲ್ಲೆಂದರಲ್ಲಿ ಸುಳ್ಳು ಚುಕ್ಕೆಗಳು ಬೆರೆತಿರುತ್ತವೆ. ಒಣಹೊಲದಲ್ಲಿ ನೀರಿನಂಥ ಚುಕ್ಕೆ, ಕೆರೆಯ ನಡುವೆ ನೆಲದಂಥ ಚುಕ್ಕೆ. ಇವುಗಳನ್ನು ತೆಗೆಯದೆ ಕೆರೆಯ ವಿಸ್ತೀರ್ಣ ಅಳೆಯಲಾಗದು. ಅದಕ್ಕೇ ಜರಡಿ.

ಜರಡಿಯ ಗುಣ

ಈ ಜರಡಿಯ ಶಾಸ್ತ್ರ ಹುಟ್ಟಿದ್ದು ಕಬ್ಬಿಣದ ಅದಿರಿನಿಂದ. ನೆರೆಯ ಸಂಡೂರಿನ ಗುಡ್ಡಗಳನ್ನು ಕಂಡ ನಮಗೆ ಅದಿರು ಹೊಸದಲ್ಲ. 1964ರಲ್ಲಿ ಫ್ರಾನ್ಸಿನ ಗಣಿ ವಿದ್ಯಾಲಯದ ಜಾರ್ಜ್ ಮಾತೆರೋಂ ಮತ್ತು ಅವರ ಶಿಷ್ಯ ಜ್ಯಾಂ ಸೆರ್ರಾ ಲೊರೇನ್ ಪ್ರಾಂತದ ಕಬ್ಬಿಣದ ಅದಿರಿನ ಕಣರಚನೆಯನ್ನು ಅಳೆಯಲು ಹೊರಟರು. ಅದಿರನ್ನು ಪುಡಿಮಾಡಿದರೆ ಹೇಗೆ ಒಡೆಯುತ್ತದೆ ಎಂಬುದನ್ನು ಅದರ ಚಿತ್ರ ನೋಡಿಯೇ ಹೇಳಬಹುದೇ ಎಂಬುದು ಅವರ ಪ್ರಶ್ನೆ. ಚಿತ್ರಕ್ಕೇ ಜರಡಿ ಹಿಡಿಯುವ ಕ್ರಮ ಹೀಗೆ ಬೆಳೆಯಿತು. ಅದಕ್ಕೆ ಗಣಿತೀಯ ಆಕೃತಿಶಾಸ್ತ್ರ ಎಂದು ಹೆಸರಿಡಬಹುದು. ಮೊದಲು ಬರಿಯ ಕಪ್ಪು-ಬಿಳುಪು ಚಿತ್ರಕ್ಕಿದ್ದ ಈ ಕ್ರಮವನ್ನು ಮುಂದೆ ಬೂದು ಚಿತ್ರಕ್ಕೂ ಹೊಂದಿಸಿದರು.

ಒಳ್ಳೆಯ ಜರಡಿಗೆ ಯಾವ ಗುಣಗಳಿರಬೇಕೆಂದು ಮಾತೆರೋಂ ಸ್ಪಷ್ಟಪಡಿಸಿದ್ದಾರೆ. ಅವು ನಮ್ಮ ತಾಯಂದಿರಿಗೆಲ್ಲ ಗೊತ್ತಿರುವ ಗುಣಗಳೇ:

1. ಹಾಕಿದ್ದಕ್ಕಿಂತ ಹೆಚ್ಚು ಜರಡಿಯಲ್ಲಿ ಉಳಿಯಬಾರದು.
2. ಒಂದು ಸಲ ಜರಡಿ ಹಿಡಿದದ್ದನ್ನು ಅದೇ ಜರಡಿಯಲ್ಲಿ ಮತ್ತೊಮ್ಮೆ ಹಿಡಿದರೆ ಏನೂ ಬದಲಾಗಬಾರದು.
3. ಸಣ್ಣ ಕಣ್ಣಿನದು, ದೊಡ್ಡ ಕಣ್ಣಿನದು ಎರಡನ್ನೂ ಹಿಡಿದರೆ, ದೊಡ್ಡ ಕಣ್ಣಿನ ಜರಡಿಯೊಂದನ್ನೇ ಹಿಡಿದಷ್ಟು ಫಲ ಬರಬೇಕು.

ಸರಾಸರಿ ತೆಗೆದರೆ ಸಾಲದೇ ಎಂದು ಕೇಳಬಹುದು. 2, 2, 9, 2, 2 ಎಂಬ ಸಾಲಿನಲ್ಲಿ 9 ಒಂದು ಹೊಂಡವೆನ್ನಿ. ಮೂರು ಮೂರರ ಸರಾಸರಿ ತೆಗೆದರೆ 9 ಇದ್ದಲ್ಲಿ 4.3 ಬರುತ್ತದೆ; ಅದರ ಎಡಬಲಕ್ಕೂ 4.3 ಬರುತ್ತದೆ. ಹೊಂಡ ಉಳಿಯಲೂ ಇಲ್ಲ, ಹೋಗಲೂ ಇಲ್ಲ; ಕೆಸರಾಗಿ ಹರಡಿತು. ಮತ್ತೊಮ್ಮೆ ಸರಾಸರಿ ತೆಗೆದರೆ ಇನ್ನಷ್ಟು ಹರಡುತ್ತದೆ. ಕೆರೆಯ ಅಂಚೂ ಹೀಗೆಯೇ ಕಲಸಿಹೋಗುತ್ತದೆ. ಆದ್ದರಿಂದ ಸರಾಸರಿ ಜರಡಿಯಲ್ಲ.

ಒಂದು ಸಾಲಿನ ಲೆಕ್ಕ

ಪೆನ್ಸಿಲ್ ಕಾಗದ ಇದ್ದವರು ಈ ಸಾಲನ್ನು ಬರೆದುಕೊಳ್ಳಿ. ಹೊಲದಿಂದ ಕೆರೆಯವರೆಗೆ ನೇರವಾಗಿ ಸಾಗುವ 12 ಚೌಕಗಳು ಇವು. ಅನುಕೂಲಕ್ಕಾಗಿ ಅಂಕಿಗಳನ್ನು 9ರೊಳಗೆ ಇಟ್ಟಿದ್ದೇನೆ.

2, 3, 2, 9, 3, 2, 8, 9, 8, 9, 8, 3

ನಾಲ್ಕನೆಯ ಚೌಕದ 9 ಒಂಟಿ ಚುಕ್ಕೆ. ಏಳರಿಂದ ಹನ್ನೊಂದರವರೆಗಿನ 8, 9, 8, 9, 8 ಕೆರೆ.

ಮೊದಲ ಹಂತ: ಪ್ರತಿ ಚೌಕಕ್ಕೂ ತನ್ನ ಮತ್ತು ಎಡಬಲದ ಚೌಕಗಳ ಅಂಕಿಗಳಲ್ಲಿ ಅತಿ ಸಣ್ಣದನ್ನು ಬರೆಯಿರಿ. ಇದು ಸವೆಸುವ ಹಂತ. ಶಾಸ್ತ್ರದವರು ಎರೋಷನ್ ಎನ್ನುತ್ತಾರೆ. ಮಣ್ಣಿನ ಸವಕಳಿಗೂ ಅದೇ ಹೆಸರು.

2, 2, 2, 2, 2, 2, 2, 8, 8, 8, 3, 3

ಎರಡನೆಯ ಹಂತ: ಈ ಹೊಸ ಸಾಲಿನಲ್ಲಿ ಪ್ರತಿ ಚೌಕಕ್ಕೂ ತನ್ನ ಮತ್ತು ಎಡಬಲದವುಗಳಲ್ಲಿ ಅತಿ ದೊಡ್ಡದನ್ನು ಬರೆಯಿರಿ. ಇದು ಹಿಗ್ಗಿಸುವ ಹಂತ, ಡೈಲೇಷನ್.

2, 2, 2, 2, 2, 2, 8, 8, 8, 8, 8, 3

ಕೆರೆ ತನ್ನ ಐದು ಚೌಕಗಳಲ್ಲಿ ಅಂಚು ಕೆಡದೆ ಹಾಗೆಯೇ ನಿಂತಿದೆ. ನಾಲ್ಕನೆಯ ಚೌಕದ ಚುಕ್ಕೆ ಮಾಯವಾಗಿದೆ. ಸವೆಸಿ ಹಿಗ್ಗಿಸುವ ಈ ಜೋಡಿ ಕ್ರಿಯೆಗೆ ಓಪನಿಂಗ್ ಎಂದು ಹೆಸರು. ನಾವು ಶೋಧಿಸುವ ಜರಡಿ ಎನ್ನೋಣ. ಮೂರು ಚೌಕದ ಕಿಂಡಿ ಹಿಡಿದರೆ ಮೂರು ಚೌಕಕ್ಕಿಂತ ಕಿರಿದಾದ ನೀರೆಲ್ಲ ಹೋಗುತ್ತದೆ. ಅದಕ್ಕಿಂತ ಅಗಲವಾದದ್ದು ಉಳಿಯುತ್ತದೆ.

ಇಲ್ಲಿಯೇ ಎಚ್ಚರ ಬೇಕು. ಆ ಒಂಟಿ 9 ಸುಳ್ಳು ಚುಕ್ಕೆಯೋ, ಯಾರೋ ರೈತರು ತೋಡಿಸಿದ ಹೊಂಡವೋ? ಜರಡಿಗೆ ಗೊತ್ತಿಲ್ಲ. ಅದು ಅಳತೆಯನ್ನಷ್ಟೇ ನೋಡುತ್ತದೆ. 21 ಮೀಟರ್ ಉದ್ದ, 21 ಮೀಟರ್ ಅಗಲದ ಕೃಷಿ ಹೊಂಡದ ವಿಸ್ತೀರ್ಣ 441 ಚದರ ಮೀಟರ್. ಚಿತ್ರದಲ್ಲಿ ಅದು ನಾಲ್ಕು ಚೌಕಗಳಿಗಿಂತ ತುಸು ಹೆಚ್ಚು. ಅಗಲ ಎರಡೇ ಚೌಕ. ಮೂರು ಚೌಕದ ಕಿಂಡಿಯ ಜರಡಿ ಹಿಡಿದೊಡನೆ ಅದು ನಕ್ಷೆಯಿಂದ ಹೋಯಿತು. ಹೊಂಡ ಹೊಲದಲ್ಲಿದೆ, ನೀರೂ ಇದೆ. ಪಟ್ಟಿಯಲ್ಲಿ ಮಾತ್ರ ಇಲ್ಲ.

ಅಂಕಸಮುದ್ರದ ಉದಾಹರಣೆ

ಶೋಧಿಸುವ ಜರಡಿಯ ಹಂತಗಳನ್ನು ತಿರುವಿದರೆ, ಅಂದರೆ ಮೊದಲು ಹಿಗ್ಗಿಸಿ ಆಮೇಲೆ ಸವೆಸಿದರೆ, ಮುಚ್ಚುವ ಜರಡಿಯಾಗುತ್ತದೆ. ಅದಕ್ಕೆ ಕ್ಲೋಸಿಂಗ್ ಎಂದು ಹೆಸರು. ಅದು ನೀರಿನ ನಡುವಿನ ಸಣ್ಣ ತೂತುಗಳನ್ನು ತುಂಬುತ್ತದೆ.

ಇದರ ಅಗತ್ಯ ತಿಳಿಯಲು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ತುಂಗಭದ್ರಾ ಜಲಾಶಯದ ಹಿನ್ನೀರಿನ ಬಳಿ ಇರುವ ಈ ಹಳೆಯ ನೀರಾವರಿ ಕೆರೆ ಈಗ ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 98.76 ಹೆಕ್ಟೇರ್ ವಿಸ್ತೀರ್ಣದ ಇದು ರಾಮ್ಸರ್ ಪಟ್ಟಿಗೆ ಸೇರಿದೆ. ಚಿತ್ರದ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 9,876 ಚೌಕಗಳು. ಆದರೆ ಕೆರೆಯೊಳಗೆ ಕರಿಜಾಲಿ ಮರಗಳು ನಿಂತಿವೆ. ಹಕ್ಕಿಗಳು ಗೂಡು ಕಟ್ಟುವುದು ಅವುಗಳ ಮೇಲೆಯೇ. ರೇಡಾರ್ ಕಿರಣ ನೀರಿಗೂ ಮರಕ್ಕೂ ತಗುಲಿ ಮರಳಿ ಬರುವುದರಿಂದ ಮರಗಳಿದ್ದಲ್ಲಿ ನೀರಿನ ಗುರುತು ಕೆಡುತ್ತದೆ. ಬಳ್ಳಾರಿ ಜಾಲಿ ಹಬ್ಬಿದ ನಮ್ಮ ಎಷ್ಟೋ ಕೆರೆಗಳ ಅಂಗಳದಲ್ಲಿಯೂ ಇದೇ ತೊಡಕು.

ಇಂಥ ಕೆರೆಯ ಒಂದು ಸಾಲನ್ನು ಊಹಿಸಿಕೊಳ್ಳಿ:

2, 2, 8, 9, 2, 8, 9, 2, 2

ನಡುವಿನ 2 ಮರ. ಇದಕ್ಕೆ ಮೂರು ಚೌಕದ ಶೋಧಿಸುವ ಜರಡಿಯನ್ನು ಮೊದಲು ಹಿಡಿದರೆ ಏನಾಗುತ್ತದೆ, ಲೆಕ್ಕ ಹಾಕಿ ನೋಡಿ. ಒಂಬತ್ತು ಚೌಕಕ್ಕೂ 2 ಬರುತ್ತದೆ. ಇಡೀ ಕೆರೆ ಮಾಯ! ಮರದ ಎಡಕ್ಕೂ ಬಲಕ್ಕೂ ಎರಡೆರಡೇ ಚೌಕ ನೀರಿದ್ದುದರಿಂದ ಎರಡೂ ಜರಡಿಯಲ್ಲಿ ನಿಲ್ಲಲಿಲ್ಲ.

ಅದೇ ಸಾಲಿಗೆ ಮೊದಲು ಮುಚ್ಚುವ ಜರಡಿ ಹಿಡಿದರೆ ಹೀಗಾಗುತ್ತದೆ:

2, 2, 8, 9, 9, 9, 9, 2, 2

ಈಗ ಶೋಧಿಸುವ ಜರಡಿ ಹಿಡಿದರೂ ಕೆರೆಯ ಐದು ಚೌಕಗಳು ಅಲುಗುವುದಿಲ್ಲ. ಅದೇ ಎರಡು ಜರಡಿಗಳು. ಹಿಡಿದ ಕ್ರಮ ಮಾತ್ರ ಬೇರೆ. ಹರಗಿ ಬಿತ್ತುವುದಕ್ಕೂ ಬಿತ್ತಿ ಹರಗುವುದಕ್ಕೂ ಇರುವಷ್ಟೇ ವ್ಯತ್ಯಾಸ ಇಲ್ಲಿಯೂ ಇದೆ.

ಮುಚ್ಚುವ ಜರಡಿಗೂ ಮಿತಿ ಇರಬೇಕು. ಒಂದರ ಕೆಳಗೊಂದು ಇರುವ ಎರಡು ಕೆರೆಗಳ ನಡುವೆ 20 ಮೀಟರ್ ಅಗಲದ ಏರಿ ಇದೆಯೆನ್ನಿ. ಅದು ಎರಡೇ ಚೌಕ. ಐದು ಚೌಕದ ಕಿಂಡಿಯಿಂದ ಮುಚ್ಚಿದರೆ ಏರಿಯೇ ಮುಳುಗಿ ಎರಡು ಕೆರೆ ಒಂದಾಗುತ್ತವೆ. ಪಟ್ಟಿಯಲ್ಲಿ ಒಂದು ಕೆರೆ ಕಡಿಮೆಯಾಗುತ್ತದೆ.

ಲೆಕ್ಕದ ಹೊರೆ ಇಳಿಸಿದ ಉಪಾಯ

ಹಾಗಾದರೆ ಯಾವ ಕಿಂಡಿ ಸರಿ? ಹೊಂಡಕ್ಕೆ ಸಣ್ಣದು, ಕೆರೆಗೆ ಮಧ್ಯಮ, ಹಿನ್ನೀರಿಗೆ ದೊಡ್ಡದು. ಎಲ್ಲವನ್ನೂ ಹಿಡಿದು ನೋಡುವುದೇ ಉತ್ತಮ. ಇದಕ್ಕೆ ಹಿಂದೆ ಅಡ್ಡಿಯಾಗಿದ್ದುದು ಲೆಕ್ಕದ ಹೊರೆ. 100 ಕಿಲೋಮೀಟರ್ ಉದ್ದ, ಅಷ್ಟೇ ಅಗಲದ ಪ್ರದೇಶದಲ್ಲಿ ಇಂಥ ಚೌಕಗಳು 10 ಕೋಟಿ. 21 ಚೌಕ ಉದ್ದ, 21 ಚೌಕ ಅಗಲದ ಕಿಂಡಿಯಲ್ಲಿ 441 ಅಂಕಿಗಳಿರುತ್ತವೆ. ಅವುಗಳಲ್ಲಿ ಸಣ್ಣದನ್ನು ಹುಡುಕಲು 440 ಹೋಲಿಕೆ ಬೇಕು. 10 ಕೋಟಿ ಚೌಕಗಳಿಗೆ 4,400 ಕೋಟಿ ಹೋಲಿಕೆ. ಅದೂ ಸವೆಸುವ ಒಂದು ಹಂತಕ್ಕೆ ಮಾತ್ರ.

ಮೊದಲ ಉಪಾಯ: ಚೌಕಾಕಾರದ ಕಿಂಡಿಯಾದರೆ ಮೊದಲು ಅಡ್ಡ ಸಾಲುಗಳಲ್ಲಿ ಸಣ್ಣದನ್ನು ಹುಡುಕಿ, ಬಂದ ಫಲದ ಮೇಲೆ ಉದ್ದ ಸಾಲುಗಳಲ್ಲಿ ಹುಡುಕಿದರೆ ಸಾಕು. 440ರ ಬದಲು 20 ಮತ್ತು 20, ಒಟ್ಟು 40 ಹೋಲಿಕೆ.

ಎರಡನೆಯ ಉಪಾಯವನ್ನು 1992ರಲ್ಲಿ ನೆದರ್ಲೆಂಡ್ಸಿನ ಮಾರ್ಸೆಲ್ ವಾನ್ ಹೆರ್ಕ್ ಪ್ರಕಟಿಸಿದರು. ಇಸ್ರೇಲಿನ ಜೋಸೆಫ್ ಗಿಲ್ ಮತ್ತು ಮೈಕೆಲ್ ವರ್ಮನ್ 1993ರಲ್ಲಿ ಇದೇ ದಾರಿಯ ಕ್ರಮವನ್ನು ಪ್ರಕಟಿಸಿದರು. ಅದನ್ನು ನಮ್ಮ ಮೊದಲ ಸಾಲಿನ ಮೇಲೆಯೇ ನೋಡೋಣ.

ಸಾಲನ್ನು ಕಿಂಡಿಯ ಅಳತೆಯ ಮಡಿಗಳಾಗಿ ಒಡೆಯಿರಿ. ಕಿಂಡಿ ಮೂರಾದರೆ ಮೂರು ಮೂರರ ಮಡಿ:

2, 3, 2 | 9, 3, 2 | 8, 9, 8 | 9, 8, 3

ಈಗ ಪ್ರತಿ ಮಡಿಯಲ್ಲಿ ಎಡದಿಂದ ಬಲಕ್ಕೆ ಹೋಗುತ್ತಾ ಅಲ್ಲಿಯವರೆಗೆ ಕಂಡ ಅತಿ ಸಣ್ಣ ಅಂಕಿಯನ್ನು ಬರೆಯಿರಿ. ಇದು ಮುಂಬರಹ:

2, 2, 2 | 9, 3, 2 | 8, 8, 8 | 9, 8, 3

ಹಾಗೆಯೇ ಪ್ರತಿ ಮಡಿಯಲ್ಲಿ ಬಲದಿಂದ ಎಡಕ್ಕೆ ಬರುತ್ತಾ ಬರೆಯಿರಿ. ಇದು ಹಿಂಬರಹ:

2, 2, 2 | 2, 2, 2 | 8, 8, 8 | 3, 3, 3

ಯಾವ ಚೌಕದ ಉತ್ತರ ಬೇಕೋ ಅದರ ಎಡ ಚೌಕದ ಹಿಂಬರಹವನ್ನೂ ಬಲ ಚೌಕದ ಮುಂಬರಹವನ್ನೂ ಹೋಲಿಸಿ ಸಣ್ಣದನ್ನು ತೆಗೆದುಕೊಳ್ಳಿ. ಹತ್ತನೆಯ ಚೌಕಕ್ಕೆ ಒಂಬತ್ತರ ಹಿಂಬರಹ 8, ಹನ್ನೊಂದರ ಮುಂಬರಹ 8, ಉತ್ತರ 8. ಏಳನೆಯ ಚೌಕಕ್ಕೆ ಆರರ ಹಿಂಬರಹ 2, ಎಂಟರ ಮುಂಬರಹ 8, ಉತ್ತರ 2. ಮೊದಲು ಮಾಡಿದ ಲೆಕ್ಕಕ್ಕೆ ಸರಿಯಾಗಿ ತಾಳೆಯಾಗುತ್ತದೆ.

ಕಾರಣ ಸರಳ. ಕಿಂಡಿ ಎಲ್ಲಿ ನಿಂತರೂ ಒಂದು ಮಡಿಯ ಕೊನೆಯ ಭಾಗವನ್ನೂ ಮುಂದಿನ ಮಡಿಯ ಮೊದಲ ಭಾಗವನ್ನೂ ಮಾತ್ರ ಮುಟ್ಟುತ್ತದೆ. ಆ ಎರಡು ಭಾಗಗಳ ಉತ್ತರ ಮೊದಲೇ ಬರೆದಿಟ್ಟಿದೆ. ಒಂದು ಚೌಕಕ್ಕೆ ಮುಂಬರಹಕ್ಕೆ ಒಂದು, ಹಿಂಬರಹಕ್ಕೆ ಒಂದು, ಕೊನೆಗೆ ಒಂದು, ಹೀಗೆ ಮೂರೇ ಹೋಲಿಕೆ. ಕಿಂಡಿ 5 ಆಗಲಿ, 21 ಆಗಲಿ, 101 ಆಗಲಿ, ಮೂರೇ. ಕಿಂಡಿ ಮೂರರದ್ದೇ ಆದರೆ ಹಳೆಯ ಕ್ರಮದಲ್ಲಿ ಎರಡೇ ಹೋಲಿಕೆ ಸಾಕು. ಅಲ್ಲಿ ಹೊಸ ಕ್ರಮದಿಂದ ಲಾಭವಿಲ್ಲ. ಕಿಂಡಿ ದೊಡ್ಡದಾದಷ್ಟೂ ಲಾಭ.

ಅಡ್ಡ ಸಾಲಿಗೆ ಮೂರು, ಉದ್ದ ಸಾಲಿಗೆ ಮೂರು, ಒಟ್ಟು ಆರು. 4,400 ಕೋಟಿ ಹೋಲಿಕೆಯ ಕೆಲಸ 60 ಕೋಟಿಗೆ ಇಳಿಯಿತು. 3, 5, 7 ಎಂದು 21ರವರೆಗೆ ಹತ್ತು ಕಿಂಡಿಗಳನ್ನು ಹಳೆಯ ರೀತಿಯಲ್ಲಿ ಹಿಡಿದರೆ ಪ್ರತಿ ಚೌಕಕ್ಕೆ 1,760 ಹೋಲಿಕೆ ಬೇಕಿತ್ತು. ಈಗ ಹತ್ತೂ ಸೇರಿ 60. ಹಳೆಯ ಕ್ರಮದ ದೊಡ್ಡ ಕಿಂಡಿಯೊಂದರ 440ಕ್ಕಿಂತ ಇದು ಎಷ್ಟೋ ಕಡಿಮೆ.

ಹತ್ತು ಜರಡಿ ಹಿಡಿದರೆ ಏನು ಫಲ?

ಶೇಂಗಾ ಕಾಳನ್ನು ದಪ್ಪ, ಮಧ್ಯಮ, ಸಣ್ಣ ಎಂದು ಬೇರೆ ಮಾಡಿ ತೂಗುವಂತೆ ನೀರನ್ನೂ ಅಳತೆವಾರು ಬೇರೆ ಮಾಡಿ ವಿಸ್ತೀರ್ಣ ಬರೆಯಬಹುದು. ಮೂರರ ಕಿಂಡಿಯಲ್ಲಿ ಹೋದದ್ದೆಷ್ಟು, ಐದರಲ್ಲಿ ಹೋದದ್ದೆಷ್ಟು, ಏಳರಲ್ಲಿ ಎಷ್ಟು ಎಂದು ಕೋಷ್ಟಕ ಮಾಡಿದರೆ, ತಾಲ್ಲೂಕಿನ ನೀರಿನಲ್ಲಿ ಸಣ್ಣ ಕಟ್ಟೆಗಳ ಪಾಲೆಷ್ಟು, ಕೆರೆಗಳ ಪಾಲೆಷ್ಟು, ಹಿನ್ನೀರಿನ ಪಾಲೆಷ್ಟು ಎಂಬುದು ಕಣ್ಣಿಗೆ ಕಾಣುತ್ತದೆ. ಹಿಂಗಾರಿನ ನವೆಂಬರ್ ಚಿತ್ರಕ್ಕೂ ಬೇಸಿಗೆಯ ಏಪ್ರಿಲ್ ಚಿತ್ರಕ್ಕೂ ಇದೇ ಕೋಷ್ಟಕ ಮಾಡಿ ಹೋಲಿಸಿದರೆ ಯಾವ ಅಳತೆಯ ನೀರು ಮೊದಲು ಬತ್ತುತ್ತದೆ ಎಂಬುದು ತಿಳಿಯುತ್ತದೆ.

ಇದರ ಬೆಲೆ ಸಣ್ಣದಲ್ಲ. ಹಡಗಲಿ ತಾಲ್ಲೂಕಿನ ಹಿನ್ನೀರು, ಹಗರಿಬೊಮ್ಮನಹಳ್ಳಿಯ ಮಾಲವಿ ಜಲಾಶಯ ಇವು ಯಾವ ಜರಡಿಯಲ್ಲಾದರೂ ನಿಲ್ಲುತ್ತವೆ. ಅವುಗಳನ್ನು ಯಾರೂ ಮರೆಯುವುದಿಲ್ಲ. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಗಳ ಒಳ ಹಳ್ಳಿಗಳಲ್ಲಿ ಕುರಿ ದನಗಳ ಬಾಯಾರಿಕೆ ತಣಿಸುವುದು ಗೋಕಟ್ಟೆ, ಸಣ್ಣ ಕೆರೆ, ಹೊಂಡಗಳು. ಒಂದೇ ದೊಡ್ಡ ಕಿಂಡಿ ಹಿಡಿದ ನಕ್ಷೆಯಲ್ಲಿ ಮೊದಲು ಅಳಿಸಿಹೋಗುವುದೂ ಅವುಗಳೇ. ನಕ್ಷೆಯನ್ನೇ ನಂಬಿ ಹೂಳೆತ್ತುವ ಪಟ್ಟಿ ಮಾಡಿದರೆ ಅವು ಹೊರಗೆ ಉಳಿಯುತ್ತವೆ. ಹತ್ತು ಜರಡಿ ಹಿಡಿಯುವುದು ಇಷ್ಟು ಅಗ್ಗವಾಗಿರುವಾಗ ಒಂದೇ ಜರಡಿಗೆ ಕಟ್ಟುಬೀಳಲು ಕಾರಣವಿಲ್ಲ.

ಬೀಜ ಮತ್ತು ಬದು

ಇನ್ನೊಂದು ತೊಡಕು ಉಳಿಯಿತು. ಕೆರೆಗೆ ಹಳ್ಳ ಸೇರುವ ಕಡೆ ನೀರು ಬೆರಳಿನಂತೆ ಚಾಚಿರುತ್ತದೆ. 300 ಮೀಟರ್ ಅಗಲ, 400 ಮೀಟರ್ ಉದ್ದದ ಕೆರೆಯೊಂದಕ್ಕೆ 20 ಮೀಟರ್ ಅಗಲ, 300 ಮೀಟರ್ ಉದ್ದದ ಬಾಲವಿದೆಯೆನ್ನಿ. ಕೆರೆ 12 ಹೆಕ್ಟೇರ್, ಬಾಲ 0.6 ಹೆಕ್ಟೇರ್, ಅಂದರೆ ಸುಮಾರು ಒಂದೂವರೆ ಎಕರೆ. ಚೌಕದ ಕಿಂಡಿ ಹಿಡಿದರೆ ಕೆರೆ ನಿಲ್ಲುತ್ತದೆ, ಬಾಲ ತುಂಡಾಗುತ್ತದೆ.

ಇದಕ್ಕೆ ಪುನರ್ನಿರ್ಮಾಣ ಎಂಬ ಕ್ರಮವಿದೆ. ಶೋಧಿಸಿದ ಮೇಲೆ ಉಳಿದ ಕೆರೆಯನ್ನು ಬೀಜವೆಂದು ತಿಳಿಯಿರಿ. ಶೋಧಿಸುವ ಮೊದಲಿನ ಚಿತ್ರವನ್ನು ಬದುವೆಂದು ತಿಳಿಯಿರಿ. ಬೀಜವನ್ನು ಪಕ್ಕದ ಚೌಕಕ್ಕೆ, ಅದರ ಪಕ್ಕಕ್ಕೆ ಎಂದು ಹಬ್ಬಲು ಬಿಡುವುದು. ಆದರೆ ಎಲ್ಲಿಯೂ ಮೊದಲಿನ ಚಿತ್ರದ ಅಂಕಿಯನ್ನು ಮೀರಗೊಡಬಾರದು. ಕೆರೆಗೆ ಅಂಟಿದ ಬಾಲ ಪೂರ್ತಿ ಮರಳಿ ಬರುತ್ತದೆ. ದೂರದ ಒಂಟಿ ಚುಕ್ಕೆಗೆ ಬೀಜವೇ ಇಲ್ಲದ್ದರಿಂದ ಅದು ಮರಳುವುದಿಲ್ಲ.

ಹೀಗೆ ಹಬ್ಬಿಸಲು ಇಡೀ ಚಿತ್ರವನ್ನು ಮತ್ತೆ ಮತ್ತೆ ಸುತ್ತಿದರೆ ಬಹಳ ಹೊತ್ತು ಹಿಡಿಯುತ್ತದೆ. 1993ರಲ್ಲಿ ಲುಕ್ ವಿನ್ಸೆಂಟ್ ಎಂಬ ವಿಜ್ಞಾನಿ ಇದಕ್ಕೆ ಚುರುಕಾದ ಕ್ರಮ ಕೊಟ್ಟರು. ಮೇಲಿನಿಂದ ಕೆಳಕ್ಕೆ ಒಂದು ಸುತ್ತು, ಕೆಳಗಿನಿಂದ ಮೇಲಕ್ಕೆ ಒಂದು ಸುತ್ತು. ಅಷ್ಟರಲ್ಲಿ ಬಹುಪಾಲು ಹಬ್ಬಿರುತ್ತದೆ. ಆಮೇಲೆ ಎಲ್ಲಿ ಇನ್ನೂ ಹಬ್ಬಬೇಕಿದೆಯೋ ಆ ಚೌಕಗಳನ್ನು ಮಾತ್ರ ಸರದಿಯಲ್ಲಿ ನಿಲ್ಲಿಸಿ ಒಂದೊಂದಾಗಿ ಮುಗಿಸುವುದು. ನೀರು ಕಟ್ಟುವ ಜಾಣರು ತುಂಬಿದ ಮಡಿಗಳನ್ನೆಲ್ಲ ಮತ್ತೆ ಸುತ್ತಿ ಬರುವುದಿಲ್ಲ; ನೀರು ಇನ್ನೂ ಹರಿಯುತ್ತಿರುವ ಬಾಯಿಯ ಬಳಿಯೇ ಸಲಿಕೆ ಹಿಡಿದು ನಿಲ್ಲುತ್ತಾರೆ. ಇದೂ ಹಾಗೆಯೇ.

ಒಂದು ಎಚ್ಚರಿಕೆ: ಎರಡು ಕೆರೆಗಳನ್ನು ಕಾಲುವೆ ಕೂಡಿಸಿದ್ದರೆ ಹಬ್ಬುವಾಗ ಎರಡೂ ಒಂದೇ ನೀರಾಗಿ ಎಣಿಕೆಯಾಗಬಹುದು. ಆಗ ಏರಿಯ ಗುರುತನ್ನು ಬೇರೆಯಾಗಿ ಕೊಡಬೇಕು.

ನಕ್ಷೆ ಕೈಗೆ ಬಂದಾಗ ಕೇಳಬೇಕಾದ ಪ್ರಶ್ನೆಗಳು

ವಿಸ್ತರಣಾ ಕಾರ್ಯಕರ್ತರು ನೀರಿನ ನಕ್ಷೆಯನ್ನು ಬಳಸುವ ಮೊದಲು ಈ ಕೆಳಗಿನವನ್ನು ಕೇಳಿ ತಿಳಿದುಕೊಳ್ಳಬೇಕು:

1. ಚಿತ್ರ ತೆಗೆದ ದಿನಾಂಕ ಯಾವುದು? ಅದಕ್ಕೂ ಹಿಂದೆ ಮಳೆ ಬಿದ್ದಿತ್ತೇ?
2. ಒಂದು ಚೌಕದ ಅಳತೆ ಎಷ್ಟು? ಚೌಕಕ್ಕಿಂತ ಸಣ್ಣದಾದದ್ದು ಯಾವ ಜರಡಿಯಿಂದಲೂ ಸಿಗದು.
3. ಶೋಧಿಸಿದ ಕಿಂಡಿ ಎಷ್ಟು ಚೌಕದ್ದು? ಚೌಕದ ಬದಿಯಿಂದ ಗುಣಿಸಿದರೆ ಮೀಟರಿನಲ್ಲಿ ಉತ್ತರ ಬರುತ್ತದೆ. ಅದಕ್ಕಿಂತ ಕಿರಿದಾದ ನೀರು ನಕ್ಷೆಯಲ್ಲಿ ಇರಲಾರದು.
4. ಮೊದಲು ಮುಚ್ಚಿದರೋ, ಮೊದಲು ಶೋಧಿಸಿದರೋ? ಜಾಲಿ ಬೆಳೆದ ಕೆರೆಗಳಿದ್ದರೆ ಇದನ್ನು ಕೇಳಲೇಬೇಕು.
5. ಶೋಧಿಸಿದ ಮೇಲೆ ಬಾಲಗಳನ್ನು ಮರಳಿ ಬೆಳೆಸಿದ್ದಾರೆಯೇ?

ಜರಡಿಯಿಂದ ಆಗದ ಕೆಲಸವೂ ಇದೆ. ಗುಡ್ಡದ ನೆರಳು, ನುಣುಪಾದ ಬಯಲು ಇವೂ ರೇಡಾರ್ ಚಿತ್ರದಲ್ಲಿ ನೀರಿನಂತೆ ಕಾಣಬಹುದು. ಅಗಲವಾಗಿದ್ದರೆ ಜರಡಿಯಲ್ಲಿ ನಿಂತೇ ನಿಲ್ಲುತ್ತವೆ. ಬೇರೆ ಬೇರೆ ತಿಂಗಳ ಚಿತ್ರಗಳನ್ನು ಹೋಲಿಸಿ ನೋಡಬೇಕು. ಗುಡ್ಡದ ನೆರಳು ಬೇಸಿಗೆಯಲ್ಲಿಯೂ ಅಷ್ಟೇ ಇರುತ್ತದೆ, ನೀರು ಕುಗ್ಗುತ್ತದೆ.

ರೈತರು ಮಾಡಬಹುದಾದದ್ದು

ರೈತ ಬಾಂಧವರು ತಮ್ಮ ಹೊಂಡದ ಉದ್ದಗಲವನ್ನು ಟೇಪು ಹಿಡಿದು ಅಳೆದು, ಸರ್ವೆ ನಂಬರು ಮತ್ತು ದಿನಾಂಕದೊಡನೆ ಬರೆದಿಡಬೇಕು. ನೀರು ಇರುವ ತಿಂಗಳುಗಳನ್ನೂ ಬತ್ತಿದ ತಿಂಗಳನ್ನೂ ಗುರುತು ಹಾಕಬೇಕು. ಊರ ಕೆರೆಯಲ್ಲಿ ನೀರು ಯಾವ ಮರದವರೆಗೆ, ಯಾವ ಕಲ್ಲಿನವರೆಗೆ ಬಂದಿದೆ ಎಂಬುದನ್ನು ತಿಂಗಳಿಗೊಮ್ಮೆ ಬರೆದಿಟ್ಟರೆ ಅದಕ್ಕಿಂತ ಒಳ್ಳೆಯ ತಾಳೆಪಟ್ಟಿ ಇಲ್ಲ. ನಕ್ಷೆಯಲ್ಲಿ ತಮ್ಮ ಹೊಂಡ ಇಲ್ಲವೆಂದು ಯಾರಾದರೂ ಹೇಳಿದರೆ ಬೇಸರಿಸದೆ ‘ಎಷ್ಟು ಮೀಟರಿನ ಜರಡಿ ಹಿಡಿದಿದ್ದೀರಿ?’ ಎಂದು ಕೇಳಿ, ತಮ್ಮ ಅಳತೆಯ ಚೀಟಿಯನ್ನು ಮುಂದಿಡಬೇಕು.

ವಿಸ್ತರಣಾ ಕಾರ್ಯಕರ್ತರಲ್ಲಿ ನನ್ನ ವಿನಂತಿ ಇಷ್ಟೇ. ತಮ್ಮ ವಲಯದ ಹತ್ತು ಸಣ್ಣ ನೀರುತಾಣಗಳನ್ನು ಆರಿಸಿ, ಮುಂಗಾರು ಮುಗಿದೊಡನೆ ಒಮ್ಮೆ, ಬೇಸಿಗೆಯಲ್ಲಿ ಒಮ್ಮೆ ನಡೆದು ನೋಡಿ ಬರಬೇಕು. ಆ ಹತ್ತರಲ್ಲಿ ನಕ್ಷೆ ಎಷ್ಟನ್ನು ಹಿಡಿದಿದೆ, ಎಷ್ಟನ್ನು ಬಿಟ್ಟಿದೆ ಎಂದು ಬರೆದು ನಕ್ಷೆ ಮಾಡುವವರಿಗೆ ತಿಳಿಸಬೇಕು. ಕಿಂಡಿಯ ಅಳತೆಯನ್ನು ತಿದ್ದಿಕೊಳ್ಳಲು ಅವರಿಗೆ ಅದರಿಂದ ನೆರವಾಗುತ್ತದೆ. ಮುಂದಿನ ಪಟ್ಟಿಯಲ್ಲಿ ನಮ್ಮ ಗೋಕಟ್ಟೆಗಳಿಗೂ ಜಾಗ ಸಿಗುತ್ತದೆ.